ಗದ್ದಕ್ಕೆ ಪಥ್ಯ

ಮುಖ ನಮ್ಮದೇ ಆದರೂ ಅದನ್ನು ಅನುಭವಿಸುವ ಭಾಗ್ಯವೆಲ್ಲ ಎದುರಿಗಿದ್ದವರದು. ನಮಗೆ ಸಿಗುವುದು ಬೆಳಗ್ಗೆ ಕನ್ನಡಿಯ ಮುಂದೆ ಎರಡು ನಿಮಿಷ, ಅದೂ ಬಾತ್‌ರೂಮಿನ ಬಾಗಿಲನ್ನು ಹೊರಗಿನಿಂದ ಯಾರೂ ಬಡಿಯದಿದ್ದರೆ. ಆದ್ದರಿಂದ ಮುಖದ ಚಿಂತೆ ನೋಡುವವರಿಗಿರಲಿ, ನಮಗೇಕೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಿದ್ದೆ ಎನ್ನುವುದಕ್ಕಿಂತ, ಸಿಕ್ಕವರಿಗೆಲ್ಲ ಹೇಳುತ್ತಿದ್ದೆ ಎಂದರೆ ಸರಿಯಾದೀತು. ಎಲ್ಲರಿಗಿಂತ ಹೆಚ್ಚು ಹೇಳಿದ್ದು ನನ್ನ ಮಗಳು ರೋಹಿಣಿಗೆ. ಹದಿನಾಲ್ಕು ತುಂಬಿದ ಅವಳ ಮೇಲ್ದುಟಿಯ ಮೇಲೆ ತೆಳ್ಳಗೆ ಒಂದು ನೆರಳು ಬಂದಿತ್ತು. ಕನ್ನಡಿಯಲ್ಲಿ ಅದನ್ನು ನೋಡಿಕೊಂಡು ಅವಳು ಸಪ್ಪಗಾದಾಗಲೆಲ್ಲ ನಾನು, ಅದು ಯಾರಿಗೂ ಕಾಣುವುದಿಲ್ಲ, ಮನುಷ್ಯರಿಗೆ ಗುಣ ಮುಖ್ಯ, ಓದು ಮುಖ್ಯ ಎಂದು ಎರಡು ವರ್ಷದಿಂದ ಪಾರಾಯಣ ಮಾಡುತ್ತ ಬಂದಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಮ್ಮಜ್ಜಿ ಅನ್ನುತ್ತಿದ್ದುದು ನನ್ನಂಥವರನ್ನು ನೋಡಿಯೇ ಇರಬೇಕು.

ಬದನೆಕಾಯಿ ಯಾವುದೆಂದರೆ, ನನ್ನ ಗದ್ದ. ಅದರ ಮೇಲೆ ಹತ್ತು ಹದಿನೈದು ಕೂದಲಿದ್ದವು. ಮೈಸೂರಿನಲ್ಲಿದ್ದಷ್ಟು ದಿನ ಅವುಗಳಿಂದ ನನಗೇನೂ ತೊಂದರೆಯಾಗಿರಲಿಲ್ಲ. ಅಲ್ಲಿ ಒಬ್ಬರ ಮುಖ ಇನ್ನೊಬ್ಬರ ಮುಖಕ್ಕೆ ತೀರ ಹತ್ತಿರ ಬರುವುದು ಮಗುವಿಗೆ ಮುತ್ತಿಡುವಾಗ, ಇಲ್ಲವೇ ಕಣ್ಣಿಗೆ ಬಿದ್ದ ಧೂಳು ತೆಗೆಯುವಾಗ ಮಾತ್ರ. ಮುಂಬಯಿಗೆ ಬಂದು ಚೆಂಬೂರಿನಲ್ಲಿ ಮನೆ, ಅಂಧೇರಿಯಲ್ಲಿ ಆಫೀಸು ಎಂದಾದ ಮೇಲೆ ದಿನಕ್ಕೆ ಎರಡು ಹೊತ್ತು ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ, ಹೆಸರೂ ಗೊತ್ತಿಲ್ಲದ ಹೆಂಗಸರ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ನನ್ನ ಗದ್ದವನ್ನು ನಿಲ್ಲಿಸಬೇಕಾಯಿತು. ಬಾಗಿಲಿನಿಂದ ಬೆಳಕು ಬೇರೆ ಬೀಳುತ್ತದೆ. ಎದುರಿನವಳು ತರಕಾರಿಯ ಬೆಲೆಯನ್ನೇ ಯೋಚಿಸುತ್ತಿರಬಹುದು. ನನಗೆ ಮಾತ್ರ ಅವಳು ನನ್ನ ಕೂದಲನ್ನು ಎಣಿಸುತ್ತಿದ್ದಾಳೆ ಎನ್ನಿಸುತ್ತಿತ್ತು. ಪರ್ಸಿನಲ್ಲಿ ಒಂದು ಚಿಮಟ ಇಟ್ಟುಕೊಂಡು ಕಂಡಕಂಡಲ್ಲಿ ಕಿತ್ತೆ. ಕಿತ್ತಷ್ಟೂ ಅವು, ಬೇಡವೆಂದ ನೆಂಟರ ಹಾಗೆ, ಮತ್ತೆ ಬಂದವು.

ಆಗಿನ್ನೂ ಲೇಸರ್ ಗೀಸರ್ ಒಂದೂ ಬಂದಿರಲಿಲ್ಲ. ವಿಲೆ ಪಾರ್ಲೆಯಲ್ಲಿ ಒಬ್ಬ ಬಾಯಿ, ಅಂದರೆ ಮರಾಠಿ ಹೆಂಗಸು, ಸಣ್ಣ ಸೂಜಿಯನ್ನು ಕೂದಲಿನ ಬುಡಕ್ಕೆ ಇಳಿಸಿ, ಕರೆಂಟು ಹರಿಸಿ, ಬೇರನ್ನೇ ಸುಟ್ಟುಬಿಡುತ್ತಾರೆ ಎಂದು ಆಫೀಸಿನಲ್ಲಿ ಕಿವಿಗೆ ಬಿತ್ತು. ಚೆಂಬೂರಿನವರು ಯಾರೂ ಪಾರ್ಲೆಯಲ್ಲಿ ಸಿಗಲಾರರು ಎಂಬ ಧೈರ್ಯದಲ್ಲಿ ಒಂದು ಮಂಗಳವಾರ ಸಂಜೆ ಹೋಗಿ ಆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕೂತೆ. ಕೆಂಜಿಗ ಕಚ್ಚಿದ ಹಾಗಾಯಿತು, ಒಂದಲ್ಲ, ಸಾಲಾಗಿ. ಅದನ್ನು ತಡೆದುಕೊಳ್ಳಬಹುದು. ತಡೆಯಲಾಗದ್ದು ಆಮೇಲೆ ಆ ಬಾಯಿ ಬರೆದುಕೊಟ್ಟ ಪಥ್ಯದ ಚೀಟಿ. ನಾಲ್ಕು ದಿನ ಸೋಪು ಬೇಡ, ಪೌಡರು ಬೇಡ, ಅರಿಶಿನವಂತೂ ಬೇಡವೇ ಬೇಡ. ಬಿಸಿಲಿಗೆ ಹೋಗಬಾರದು, ಒಲೆಯ ಆವಿಗೆ ಮುಖ ಕೊಡಬಾರದು, ಬೆವರಬಾರದು. ತಣ್ಣೀರಿನ ಹತ್ತಿಯಿಂದ ಒತ್ತಿ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ಹಚ್ಚಬೇಕು. ಹೊಪ್ಪಳೆ ಬಂದರೆ ಕೆರೆಯಬಾರದು, ತಾನಾಗಿ ಉದುರಬೇಕು. ಇವೆಲ್ಲಕ್ಕೂ ಕಳಶವಿಟ್ಟ ಹಾಗೆ ಕೊನೆಯ ಸಾಲು: ಉಳಿದ ಕೂದಲನ್ನು ಕೀಳಬಾರದು, ಮುಂದಿನ ಸಲಕ್ಕೆ ಬೆಳೆಸಿಕೊಂಡು ಬರಬೇಕು, ತೀರ ಕಂಡರೆ ಕತ್ತರಿಯಿಂದ ತುದಿ ಕತ್ತರಿಸಬಹುದು. ಕೂದಲು ತೆಗೆಸಲು ಹೋದವಳಿಗೆ ಕೂದಲು ಸಾಕುವ ಕೆಲಸ ಕೊಟ್ಟು ಕಳಿಸಿದ್ದರು.

ಮುಂಬಯಿಯಲ್ಲಿ ಬೆವರಬಾರದು ಎನ್ನುವುದು ಮೀನಿಗೆ ನೆನೆಯಬೇಡ ಎಂದ ಹಾಗೆ. ಆಫೀಸಿಗೆ ರಜೆ ಹಾಕಿದೆ. ಬುಧವಾರ ಬೆಳಗ್ಗೆ ಫ್ಯಾನಿನ ಕೆಳಗೆ ಮುಖವೆತ್ತಿ ಕೂತಿದ್ದಾಗ ನಮ್ಮತ್ತೆ ಕಾಫಿ ತಂದರು. ಗದ್ದದ ಮೇಲಿನ ಕೆಂಪು ಚುಕ್ಕೆಗಳನ್ನು ನೋಡಿದರು, ಕ್ಯಾಲಮೈನ್ ಸೀಸೆ ನೋಡಿದರು, ಕಾಫಿಯನ್ನು ಅಲ್ಲೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ಹದಿನಾರು ವರ್ಷದ ಸಂಸಾರದಲ್ಲಿ ನನಗೆ ಅವರು ಕೈ ಮುಗಿದದ್ದು ಅದೇ ಮೊದಲು.

"ಅಮ್ಮ ಬಂದಿದಾಳೆ ಕಣೇ," ಎಂದರು.

ಅಮ್ಮ ಎಂದರೆ ಸಿಡುಬಿನ ತಂಗಿ, ಚಿಕನ್‌ಪಾಕ್ಸ್. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಅಮ್ಮ ಬಂದ ಮನೆಯ ನಿಯಮಗಳನ್ನು ಹೇಳತೊಡಗಿದ್ದರು. ಸ್ನಾನ ಬೇಡ, ಸೋಪು ಮುಟ್ಟಬೇಡ, ಬಿಸಿಲಿಗೆ ಹೋಗಬೇಡ, ಒಲೆಯ ಹತ್ತಿರ ಸುಳಿಯಬೇಡ, ಕೆರೆಯಬೇಡ, ತಾನಾಗಿ ಉದುರಲಿ. ನಾನು ತೆರೆದ ಬಾಯಿಯನ್ನು ಹಾಗೇ ಮುಚ್ಚಿದೆ. ಪಾರ್ಲೆಯ ಬಾಯಿಯ ಚೀಟಿಯನ್ನೇ ನಮ್ಮತ್ತೆ ಬಾಯಿಪಾಠ ಒಪ್ಪಿಸುತ್ತಿದ್ದ ಹಾಗಿತ್ತು. ಇಷ್ಟು ಚೆನ್ನಾಗಿ ಹೊಂದುವ ಸುಳ್ಳನ್ನು, ಅದೂ ನಾನು ಹೇಳದೆಯೇ ಬಂದು ಕೂತ ಸುಳ್ಳನ್ನು, ಬೇಡವೆನ್ನುವಷ್ಟು ದೊಡ್ಡವಳು ನಾನಲ್ಲ.

ರೂಮಿನಲ್ಲಿ ಬಾಗಿಲು ಹಾಕಿ ಮಲಗಿಸಿದರು. ಬಾಗಿಲಿಗೆ ಬೇವಿನ ಗೊಂಚಲು ಬಂತು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲವಾದ್ದರಿಂದ ನಮ್ಮ ಯಜಮಾನರು ಒಗ್ಗರಣೆಯಿಲ್ಲದ ಸಾರು ಉಂಡು, ಹಾಲ್‌ನಲ್ಲಿ ಮಲಗಿ, ನನ್ನ ಆರೋಗ್ಯವನ್ನು ದಿನಕ್ಕೆ ನಾಲ್ಕು ಸಲ ವಿಚಾರಿಸಿದರು. ಕಾಳಜಿ ನನ್ನದೋ ಒಗ್ಗರಣೆಯದೋ ತಿಳಿಯಲಿಲ್ಲ. ನನಗೆ ಎಳನೀರು, ಮೊಸರನ್ನ. ಸುಖವಾಗಿರಬೇಕಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ. ಗದ್ದ ಜುಮುಜುಮು ಎನ್ನುತ್ತದೆ, ಕೈ ತಾನಾಗಿ ಮೇಲೇಳುತ್ತದೆ, ನಾನು ಅದನ್ನು ಹಿಡಿದು ಹೊಡೆದು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಎಡಕ್ಕೆ ಮಲಗಿದರೆ ದಿಂಬು ತಗುಲುತ್ತದೆ, ಬಲಕ್ಕೆ ಮಲಗಿದರೆ ಬೀರುವಿನ ಕನ್ನಡಿ ಕಾಣುತ್ತದೆ. ಎದ್ದು ಕೂರುತ್ತೇನೆ, ಕಿಟಕಿಯ ವರೆಗೆ ಹೋಗುತ್ತೇನೆ, ಬಿಸಿಲು ನೋಡಿ ಕಳ್ಳಿಯಂತೆ ಹಿಂದೆ ಬರುತ್ತೇನೆ. ಅತ್ತೆ ಬೇವು ಅರಿಶಿನ ಅರೆದು ತಂದಾಗ, ಡಾಕ್ಟರು ಬೇಡವೆಂದಿದ್ದಾರೆ ಎಂದು ಇಲ್ಲದ ಡಾಕ್ಟರೊಬ್ಬರನ್ನು ಹುಟ್ಟಿಸಿದೆ. ಸಂಜೆ ಆ ಡಾಕ್ಟರ ದವಾಖಾನೆ ಎಲ್ಲಿದೆ ಎಂದು ಯಜಮಾನರು ಕೇಳಿದಾಗ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಶುಕ್ರವಾರ ಬೆಳಗ್ಗೆ ಬಾಗಿಲಿನ ಆಚೆ ರೋಹಿಣಿ ಬಂದು ಕೂತದ್ದು ತಿಳಿಯಿತು. ಒಳಗೆ ಬರುವಂತಿರಲಿಲ್ಲ. ಶಾಲೆಗೆ ಹೋಗಲಿಲ್ಲವೇ ಎಂದೆ. ಅಮ್ಮ ಬಂದ ಮನೆಯ ಮಗು ನಾಲ್ಕು ಮಕ್ಕಳ ನಡುವೆ ಹೋಗಬಾರದೆಂದು ಅಜ್ಜಿ ಗುರುವಾರದಿಂದಲೇ ನಿಲ್ಲಿಸಿದ್ದಾರೆ ಎಂದಳು. ಮರುದಿನವೇ ಅವಳ ಶಾಲೆಯ ವಾರ್ಷಿಕೋತ್ಸವ. ನಾಟಕದಲ್ಲಿ ಅವಳು ಮಂತ್ರಿ. ಒಂದು ತಿಂಗಳಿನಿಂದ ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ ನಿಂತು, ರಾಜನ ಬದಲು ನನ್ನ ಸೀರೆಗಳಿಗೆ ನಮಸ್ಕರಿಸಿ ಮಾತು ಒಪ್ಪಿಸುತ್ತಿದ್ದ ಹುಡುಗಿ.

"ಅಮ್ಮಾ, ಥ್ಯಾಂಕ್ಯೂ," ಎಂದಳು.

ಯಾತಕ್ಕೆ ಎಂದೆ.

"ನಿಂಗೆ ಇದು ಬಂತಲ್ಲ, ಅದಕ್ಕೆ. ನಾಟಕ ತಪ್ತು. ಮೇಕಪ್ ಆಂಟಿ ಎಲ್ರ ಮುಂದೆ ಏನಂದ್ರು ಗೊತ್ತಾ? ಇವಳಿಗೆ ಮೀಸೆ ಅಂಟಿಸೋದು ಬೇಡ, ಇರೋದಕ್ಕೇ ಕಾಡಿಗೆ ತೀಡಿದ್ರೆ ಬಸ್ ಅಂತ. ಪೂರಾ ಕ್ಲಾಸು ನಕ್ತು."

ಅದು ಯಾರಿಗೂ ಕಾಣುವುದಿಲ್ಲ ಕಣೇ ಎಂದು ಎರಡು ವರ್ಷದ ಅಭ್ಯಾಸದಿಂದ ನನ್ನ ನಾಲಿಗೆ ಹೊರಟೇಬಿಟ್ಟಿತ್ತು. ಅರ್ಧಕ್ಕೆ ನಿಂತಿತು. ಯಾರಿಗೂ ಕಾಣದ ಕೂದಲಿಗಾಗಿ ಚೆಂಬೂರಿನಿಂದ ಪಾರ್ಲೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದವಳು ಬಾಗಿಲ ಈಚೆ. ಅವಳ ಮಾತನ್ನು ಕೇಳಿಕೊಂಡು ಶಾಲೆಗೆ ಹೋಗಿ ನಗೆಪಾಟಲಾದವಳು ಆಚೆ. ಈಗ ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ದಿನ ಮೊಸರನ್ನ ತಿಂದರೆ ಅವಳು ನಾಳೆ ಮನೆಯಲ್ಲೇ ಉಳಿಯುತ್ತಾಳೆ. ಆಮೇಲೆ ಪ್ರತಿ ಸಲವೂ ಉಳಿಯಲು ಒಂದು ಕಾರಣ ಹುಡುಕುತ್ತಾಳೆ. ನನ್ನ ಮಗಳಲ್ಲವೇ, ಸಿಕ್ಕಿಯೂ ಸಿಗುತ್ತದೆ.

ಎದ್ದು ಬಾಗಿಲು ತೆರೆದೆ. ಬೇವಿನ ಗೊಂಚಲು ತಲೆಗೆ ತಾಗಿತು. ಅಡುಗೆಮನೆಯಿಂದ ಅತ್ತೆ, ಹೊರಗೆ ಬರಬೇಡ ಎಂದು ಓಡಿ ಬಂದರು. ದಿಂಬಿನ ಕೆಳಗಿದ್ದ ಚೀಟಿಯನ್ನು ರೋಹಿಣಿಯ ಕೈಗಿಟ್ಟೆ. ಅವಳು ಅದರ ಇಂಗ್ಲಿಷನ್ನು ತಡವರಿಸುತ್ತ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಾನು ನೆಲದ ಮೊಸಾಯಿಕ್‌ನಲ್ಲಿ ಎಷ್ಟು ಬಣ್ಣದ ಕಲ್ಲಿವೆ ಎಂದು ನೋಡುತ್ತಿದ್ದೆ.

"ಅಂದ್ರೆ ಇದು ಅಮ್ಮ ಅಲ್ವೇನೇ?" ಎಂದರು ಅತ್ತೆ.

"ಅಲ್ಲ ಅತ್ತೆ. ಕರೆಂಟು."

ಅವರು ಬಾಗಿಲಿನ ಬೇವಿನ ಗೊಂಚಲನ್ನೊಮ್ಮೆ ನೋಡಿದರು. "ಕರೆಂಟಿಗೆ ನಾನು ತಂಬಿಟ್ಟಿನಾರತಿ ಹರಕೆ ಹೊತ್ತಿದೀನಲ್ಲೇ," ಎಂದು, ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಂಡವರಂತೆ ಒಳಗೆ ಹೋದರು. ಎರಡು ನಿಮಿಷಕ್ಕೆ ಸಾಸಿವೆ ಸಿಡಿದ ಸದ್ದು ಕೇಳಿತು.

ರೋಹಿಣಿ ಮಾತ್ರ ಕದಲಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಡಿಸಿ, ಇಷ್ಟು ದಿನ ನಾನು ತನಗೆ ಹೇಳಿದ್ದೆಲ್ಲ ಸುಳ್ಳೇ ಎಂದು ಕೇಳಿದಳು. ಸುಳ್ಳಲ್ಲ, ಆ ಮಾತನ್ನು ಯಾರಾದರೂ ನನಗೆ ಹೇಳಲಿ ಎಂದು ಕಾಯುತ್ತಿದ್ದೆ, ಯಾರೂ ಹೇಳಲಿಲ್ಲ, ಅದಕ್ಕೇ ನಿನಗೆ ಹೇಳಿದೆ ಎಂದೆ. ಅದು ಅವಳಿಗೆ ಎಷ್ಟು ಅರ್ಥವಾಯಿತೋ. ಹತ್ತಿರ ಬಂದು, ಕಿಟಕಿಯ ಬೆಳಕಿಗೆ ಮುಖ ಎತ್ತಿ ನಿಂತಳು.

"ಸಚ್ಚಿ ಹೇಳು. ನಂದು ಕಾಣತ್ತಾ?"

"ಕಾಣತ್ತೆ," ಎಂದೆ. "ಹತ್ರ ಬಂದ್ರೆ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಹಳ ದಿನದಿಂದ ಹಿಡಿದಿಟ್ಟವಳಂತೆ ಉಸಿರು ಬಿಟ್ಟಳು.

"ಸ್ಟೇಜಿಂದ?"

"ಸ್ಟೇಜಿಂದ ಕಾಣಲ್ಲ."

ಎರಡು ವರ್ಷ ನಂಬದ ಮಾತನ್ನು ಆ ಹುಡುಗಿ ಅವತ್ತು ನಂಬಿದಳು. ಮಧ್ಯಾಹ್ನವೇ ಪ್ರಾಕ್ಟೀಸಿಗೆ ಓಡಿದಳು.

ಶನಿವಾರ ಪಥ್ಯದ ಕೊನೆಯ ದಿನ. ಸಂಜೆ ಅದನ್ನು ತಪ್ಪಿಸುವುದು ಬೇಡವೆಂದು ಹತ್ತಿ ಒತ್ತಿ, ಕ್ಯಾಲಮೈನ್ ಹಚ್ಚಿ, ತಾಯಿಯಾದವಳು ಮುಂದೆಯೇ ಕೂರಬೇಕೆಂದು ಯಜಮಾನರನ್ನೂ ಅತ್ತೆಯನ್ನೂ ಎಳೆದುಕೊಂಡು ಮೊದಲ ಸಾಲಿನಲ್ಲಿ ಕೂತೆ. ರೋಹಿಣಿ ಅಂಟಿಸಿದ ದೊಡ್ಡ ಮೀಸೆ ಹೊತ್ತು ಬಂದು, ಎದೆಯುಬ್ಬಿಸಿ ಮಾತಾಡಿದಳು; ಆ ಮೀಸೆಯನ್ನು ಮೇಕಪ್ ಆಂಟಿಯ ಜೊತೆ ಜಗಳವಾಡಿ ಪಡೆದಿದ್ದಳಂತೆ. ರಾಜನಾಗಿದ್ದ ಹುಡುಗಿ ತನ್ನ ಮಾತು ಮರೆತಾಗ ಅದನ್ನೂ ಇವಳೇ ಹೇಳಿ ರಾಜ್ಯವನ್ನು ಉಳಿಸಿದಳು. ಕೈಯನ್ನು ಗದ್ದಕ್ಕೆ ಒಯ್ಯಬಾರದೆಂದು ನಾನು ಎಡೆಬಿಡದೆ ಚಪ್ಪಾಳೆ ತಟ್ಟಿದೆ.

ನಾಟಕ ಮುಗಿದ ಮೇಲೆ ಮೀಸೆಯೊಡನೆಯೇ ಓಡಿ ಬಂದಳು. ಹೇಗಿತ್ತು ಎಂದು ಕೇಳುತ್ತಾಳೆ, ಅಪ್ಪಿಕೊಳ್ಳಬೇಕು ಎಂದು ನಾನು ಎರಡೂ ಕೈ ಚಾಚಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಅಮ್ಮಾ, ಸಚ್ಚಿ ಹೇಳ್ಲಾ? ಸ್ಟೇಜಿಂದ ನಿನ್ನ ಗದ್ದ ಕಾಣ್ತಿತ್ತು. ಪೂರಾ ಪಿಂಕ್. ರಾಜ ಮಾತು ಮರೆತದ್ದೇ ಅದನ್ನ ನೋಡಿ."