ಮಾವನ ಕಿವಿ ಮತ್ತು ಹೊಸ ಯಜಮಾನರು

ನಮ್ಮ ಸೋದರಮಾವನಿಗೆ ದೇವರು ಎರಡು ಕಿವಿ ಕೊಟ್ಟಿದ್ದು ಅತ್ತೆಯ ಮಾತು ಕೇಳಲಿಕ್ಕಂತೂ ಅಲ್ಲ! ಮತ್ತೆ ಯಾತಕ್ಕೆ? ಯಾವ ವಸ್ತುವಿನ ಯಜಮಾನರು ಯಾವಾಗ ಬದಲಾದರು ಎಂದು ಪತ್ತೆ ಹಚ್ಚಲಿಕ್ಕೆ.

ಯಶವಂತಪುರದಲ್ಲಿ ಮನೆ, ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕೆಲಸ. ಸ್ಟೇಷನ್ನಿನ ಎದುರಿನ ಹೋಟೆಲನ್ನು ಹಳಬರು ಮಾರಿದ ಮರುದಿನವೇ ಮಾವ ಅಲ್ಲಿನ ಸಾಂಬಾರು ತಿನ್ನುವುದನ್ನು ಬಿಟ್ಟರು.

"ಅಡುಗೆಯವನು ಅವನೇ ಅಲ್ವಾ ಮಾವ?" ಎಂದೆ.

"ಸೌಟು ಹಿಡಿಯೋ ಕೈ ಅದೇ ಕಣಮ್ಮಾ, ಬೈಯೋ ಬಾಯಿ ಬೇರೆ!"

ಇಂಥವರ ಮನೆಯಲ್ಲಿ ಒಂದು ವಿಲಾಯಿತಿ ರೇಡಿಯೋ. ಕೊಂಡಾಗ ಇಡೀ ಬೀದಿಗೆ ಅದೊಂದೇ. ಹೊಳೆಯುವ ಮರದ ಪೆಟ್ಟಿಗೆ, ನಡುವೆ ಹಸಿರು ದೀಪ. ಹಿಂದಿನ ಹಲಗೆ ಬಿಚ್ಚುವ ಅಧಿಕಾರ ಮಾವನಿಗೆ ಮಾತ್ರ. ಆ ರೇಡಿಯೋ ಕಂಪನಿಯನ್ನು ಬೇರೆ ಯಾರೋ ಕೊಂಡುಕೊಂಡರೆಂಬ ಸುದ್ದಿ ಪೇಪರಿನಲ್ಲಿ ಬಂದ ದಿನ ಮಾವನಿಗೆ ಊಟ ಸೇರಲಿಲ್ಲ.

"ಹೊಸಬರ ಒಂದು ಮೊಳೆ ಈ ಮನೆಗೆ ಬಂದ್ರೂ ಸರಿ, ನಾನು ರೇಡಿಯೋ ಕೇಳೋದೇ ಬಿಡ್ತೀನಿ!"

ಹೇಳಿದರೆ ಬಿಡುವ ಮನುಷ್ಯನೇ. ಸಾಂಬಾರಿನ ಗತಿ ನೋಡಿದ್ದೆವಲ್ಲ!

ಆದರೂ ಪರೀಕ್ಷೆ ಆಗಬೇಡವೇ? ನನ್ನನ್ನೂ ಎಳೆದುಕೊಂಡು ಚಿಕ್ಕಪೇಟೆಯ ಅಂಗಡಿಗೆ ಹೋದರು. ಅದೇ ಕಂಪನಿಯ ಹಳೆಯದೊಂದು, ಹೊಸದೊಂದು ರೇಡಿಯೋವನ್ನು ಪರದೆಯ ಹಿಂದೆ ಇಡಿಸಿ, ಕಣ್ಣು ಮುಚ್ಚಿ ಕೂತರು. ಅರ್ಧ ಗಂಟೆ ಆಯಿತು, ಗಿರಾಕಿಗಳು ಸುತ್ತ ನೆರೆದರು. "ಎಡಗಡೆಯದು ಹೊಸದು. ತಂಬೂರಿಗೆ ನೆಗಡಿ ಆಗಿದೆ" ಎಂದರು ಮಾವ. ಅಂಗಡಿಯವನು ಪರದೆ ಸರಿಸಿ ನೋಡಲೂ ಇಲ್ಲ. "ತಾವು ಹೇಳಿದ್ದೇ ಸರಿ ಸ್ವಾಮಿ, ಎದ್ದೇಳಿ" ಎಂದು ಕೈಮುಗಿದ. ಹೀಗಾಗಿ ಆ ಕಿವಿಗೆ ನಿಜವಾಗಿಯೂ ಗೊತ್ತಾಗುತ್ತದೆಯೋ ಇಲ್ಲವೋ ಎಂಬ ನನ್ನ ಕುತೂಹಲ ಹಾಗೇ ಉಳಿಯಿತು.

ಅದು ತೀರುವ ಕಾಲ ಆಯುಧಪೂಜೆಗೆ ಬಂತು. ಮಾವ ಡ್ಯೂಟಿ ಮೇಲೆ ಎರಡು ದಿನ ಅರಸೀಕೆರೆಗೆ ಹೋಗಿದ್ದರು. ಪೂಜೆಗೆ ಕೂರುವ ರೇಡಿಯೋದಲ್ಲಿ ಜೇಡರಬಲೆ ಇರಬಹುದೇ? ಅತ್ತೆ ಹಲಗೆ ಬಿಚ್ಚಿ, ಪೊರಕೆಕಡ್ಡಿ ತೂರಿಸಿದರು. ಸ್ಪೀಕರಿನ ಕಾಗದ ಪರ್ರೆಂದಿತು!

ಅತ್ತೆ, ನಾನು ಇಬ್ಬರೂ ಸ್ಪೀಕರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮತ್ತಿಕೆರೆಯ ರಿಪೇರಿಯವನ ಹತ್ತಿರ ಓಡಿದೆವು. ಅವನ ಹತ್ತಿರ ಇದ್ದದ್ದು ಹೊಸ ಯಜಮಾನರ ಕಾಲದ ಸ್ಪೀಕರು ಮಾತ್ರ.

"ಅದನ್ನೇ ಮನೆಗೆ ಬಂದು ಹಾಕ್ಬಿಡಪ್ಪ" ಎಂದ ಅತ್ತೆಯ ದನಿಯೇ ಒಡೆದಿತ್ತು. "ಅವ್ರಿಗಿರೋದು ಅದೊಂದೇ ಖುಷಿ ಕಣೇ. ನನ್ನ ಕೈಯಿಂದ್ಲೇ ಹೋಯ್ತಲ್ಲ" ಎಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡರು.

ಮಾವ ಬಂದರು. ಕುಂಕುಮ ಇಟ್ಟುಕೊಂಡಿದ್ದ ರೇಡಿಯೋ ಹಾಕಿದರು. ವೀಣೆ ಬರುತ್ತಿತ್ತು. ಕಣ್ಣು ಮುಚ್ಚಿದರು, ಹುಬ್ಬು ಒಮ್ಮೆ ಗಂಟಾಯಿತು, ಕಣ್ಣು ಬಿಟ್ಟು ಅಡುಗೆಮನೆಯ ಕಡೆ ನೋಡಿದರು.

"ಆಹಾ! ಇದಪ್ಪಾ ಹಳೇ ಯಜಮಾನರ ನಾದ!"

ನಾನು ನಗು ತಡೆಯಲು ಹಿತ್ತಲಿಗೆ ಓಡಿದೆ. ಅಷ್ಟೇ ಈ ಮಹಾಕಿವಿಯ ಬಂಡವಾಳ! ಅತ್ತೆ, ನಾನು ವರ್ಷಗಟ್ಟಲೆ ಅದನ್ನೇ ನೆನೆದು ನಕ್ಕಿದ್ದೇವೆ. ವಿಚಿತ್ರವೆಂದರೆ, ಅಂದಿನಿಂದ ಮಾವ ಹೊಸ ಯಜಮಾನರನ್ನು ಬೈಯುವುದನ್ನೇ ನಿಲ್ಲಿಸಿದರು.

ಮೊನ್ನೆ ಅತ್ತೆ ತವರಿಗೆ ಹೋಗಿದ್ದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಮಾವ, ಈ ರೇಡಿಯೋ ಒಳಗಿರೋ ಸ್ಪೀಕರು ಹೊಸ ಯಜಮಾನರದು!"

"ಗೊತ್ತು" ಎಂದರು ಮಾವ. "ಮೊದಲ್ನೇ ಸ್ವರಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಹಾಗಂದ್ರಿ?"

"ನಿಮ್ಮತ್ತೆ ಬಾಗಿಲಲ್ಲಿ ನಿಂತಿದ್ಲು ಕಣಮ್ಮಾ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಇನ್ನೇನು ಹೇಳ್ಲಿ?"

ನನಗೆ ನಾಚಿಕೆಯಾಯಿತು. ಅಂದು ನಾನೂ ಅಲ್ಲೇ ಇದ್ದೆ, ರೇಡಿಯೋವನ್ನೇ ನೋಡುತ್ತಿದ್ದೆ.

"ನಂಗೆ ಗೊತ್ತಿದೆ ಅಂತ ಅವಳಿಗೆ ಮಾತ್ರ ಹೇಳ್ಬೇಡ" ಎಂದರು ಮಾವ. "ಪ್ರತಿ ಆಯುಧಪೂಜೆಗೂ ಇದಕ್ಕೆ ಕುಂಕುಮ ಇಡ್ತಾ ಒಳಗೊಳಗೇ ನಗ್ತಾಳೆ. ನೋಡೋಕೆ ಎಷ್ಟು ಚೆನ್ನಾಗಿರುತ್ತೆ, ಗೊತ್ತಾ?"