ಇಲಿಗೆ ವಾರಂಟಿ ಬರಂಗಿಲ್ರಿ

ಯಾದಗಿರಿಯ ಒಂದು ಕಾರು ಸರ್ವಿಸ್ ಸೆಂಟರಿನಲ್ಲಿ ವಾರಂಟಿ ಟೇಬಲ್ ನನ್ನದು. ‘ಇದು ವಾರಂಟಿಯೊಳಗ ಬರಂಗಿಲ್ರಿ’ ಅನ್ನೋದಕ್ಕೇ ನನಗೆ ಪಗಾರ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಒಬ್ಬರಲ್ಲ ಒಬ್ಬರು ಬಂದು ನನ್ನ ಬಾಯಿ ಮುಚ್ಚಿಸಿಯೇ ಹೋಗುತ್ತಾರೆ.

ಕಂಪನಿ ಮಾಲು

ಬಳಿಚಕ್ರದ ರೈತರೊಬ್ಬರು ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಬಾನೆಟ್ ಎತ್ತಿದರೆ ಇಲಿ ವೈರೆಲ್ಲ ಕಡಿದುಹಾಕಿತ್ತು. ನಾನು ಪುಸ್ತಕ ತೆಗೆದು ಓದಿದೆ: ‘ಹೊರಗಿನ ಪ್ರಾಣಿಗಳಿಂದಾದ ಹಾನಿಗೆ ವಾರಂಟಿ ಇಲ್ಲ.’

ಅವರು ಇಂಜಿನ್ನಿನ ಸಂದಿಗೆ ಬೆರಳು ಮಾಡಿದರು. ಕಣ್ಣು ತೆರೆದ ಐದಾರು ಇಲಿಮರಿಗಳು ಹತ್ತಿಯ ಗೂಡಿನಿಂದ ನಮ್ಮನ್ನೇ ನೋಡುತ್ತಿದ್ದವು.

‘ಹೊರಗಿನವು ಹೆಂಗಾಗ್ತಾವ್ರಿ? ನಿಮ್ಮ ಗಾಡ್ಯಾಗೇ ಹುಟ್ಯಾವ. ಕಂಪನಿ ಮಾಲು!’

ಕೆಂಪು ಪೆನ್ನು

ಶಹಾಪುರದ ಹೆಡ್‌ಮಾಸ್ತರರ ಕಾರಿನ ಎ.ಸಿ. ಸುಡುಬಿಸಿಲಿನಲ್ಲಿ ಬಿಸಿಗಾಳಿ ಊದತೊಡಗಿತು. ‘ಧೂಳಿನಿಂದ ಕೆಟ್ಟದ್ದಕ್ಕ ವಾರಂಟಿ ಇಲ್ರಿ ಸರ,’ ಎಂದೆ.

‘ಧೂಳಿಲ್ಲದ ರಸ್ತೆ ನಮ್ಮ ಕಡಿ ಎಲ್ಲದ ತೋರಸ್ರಿ, ಅಲ್ಲೇ ಮನಿ ಕಟ್ತೀನಿ,’ ಎಂದು ವಾರಂಟಿ ಪುಸ್ತಕ ಒಯ್ದರು. ಸೋಮವಾರ ವಾಪಸ್ ತಂದು ನನ್ನ ಮುಂದಿಟ್ಟರು. ಪುಟಪುಟಕ್ಕೂ ಕೆಂಪು ಗೆರೆ. ಕೊನೆಯಲ್ಲಿ ರುಜುವಿನ ಮೇಲೆ ಬರೆದಿದ್ದರು: ‘ಉತ್ತರ ಅಸ್ಪಷ್ಟ. ಪಾಲಕರನ್ನು ಕರೆದುಕೊಂಡು ಬರಬೇಕು.’

ನಾನು ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದೆ.

ಸದ್ದು

ಸುರಪುರದ ನರ್ಸಮ್ಮ ಒಬ್ಬರಿಗೆ ಬೋನಾಳದ ಕಡೆಯ ಹಳ್ಳಿ ತಿರುಗಲು ಕಾರೇ ಗತಿ. ಗಾಲಿಯಲ್ಲಿ ಏನೋ ಸದ್ದು. ನಮ್ಮ ಗೇಟು ದಾಟಿ ಒಳಗೆ ಬಂದರೆ ಮಾತ್ರ ಗಾಡಿ ಗಪ್‌ಚುಪ್. ಮೂರು ಸಲ ‘ಸದ್ದಿಲ್ಲ’ ಎಂದು ಬರೆದು ಕಳಿಸಿದ್ದೆ. ನಾಲ್ಕನೇ ಸಲ ಬಂದಾಗ ವಾರಂಟಿ ಮುಗಿಯಲು ಒಂದೇ ದಿನ ಬಾಕಿ. ಅವರ ಕಣ್ಣಲ್ಲಿ ನೀರಾಡಿತು.

‘ಸದ್ದು ರೆಕಾರ್ಡ್ ಮಾಡಿ ಕಳಸದಿದ್ರ ಕಂಪನಿ ಒಪ್ಪಂಗಿಲ್ರಿ ಅಕ್ಕಾವ್ರ,’ ಎಂದೆ.

‘ಗಾಡಿ ಮಾಡಂಗಿಲ್ಲಂದ್ರ ನಾನೇ ಮಾಡ್ತೀನಿ. ಹಿಡೀರಿ ಫೋನು!’

ಸೆರಗು ಸಿಕ್ಕಿಸಿ, ಕಣ್ಣು ಮುಚ್ಚಿ ಶುರು ಮಾಡಿದರು: ‘ಗುರ್ರ್... ಗುರ್ರ್... ಟಕ್! ಕಿಂಯ್ಯ್...’ ಮೆಕ್ಯಾನಿಕ್‌ಗಳು ಪಾನಾ ಕೆಳಗಿಟ್ಟು ನಿಂತರು. ಅವರ ತ್ರಾಸು ನೋಡಲಾಗದೆ ನಾನು ಆ ರೆಕಾರ್ಡಿಂಗನ್ನೇ ಕಂಪನಿಗೆ ಕಳಿಸಿಬಿಟ್ಟೆ.

ಅರ್ಧ ತಾಸಿನಲ್ಲಿ ಕಂಪನಿಯ ಇಂಜಿನಿಯರರ ಫೋನ್: ‘ಸದ್ದು ಬಹಳ ಸ್ಪಷ್ಟವಾಗಿದೆ. ಮುಂದಿನ ಎಡಗಡೆ ಗಾಲಿಯ ಬೇರಿಂಗ್ ಹೋಗಿದೆ. ವಾರಂಟಿಯಲ್ಲೇ ಹಾಕಿಕೊಡಿ.’ ಗಾಲಿ ಬಿಚ್ಚಿದರೆ ಬೇರಿಂಗ್ ನಿಜಕ್ಕೂ ಪುಡಿಪುಡಿ!

ಓಡಿಹೋಗಿ ಸುದ್ದಿ ಹೇಳಿದೆ. ನರ್ಸಮ್ಮ ಗಂಟಲು ಸರಿಮಾಡಿಕೊಂಡರು.

‘ಬಲಗಡಿ ಗಾಲಿದು ಬ್ಯಾರೇ ಸದ್ದದ ನೋಡ್ರಿ. ಅದನೂ ಮಾಡ್ಲೇನು?’