ಇಪ್ಪತ್ತೊಂದನೆಯ ರೋಲರ್

ಇಪ್ಪತ್ತಾರು ವರ್ಷಗಳಿಂದ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಆದ್ದರಿಂದ ಒಂದು ಹಳೆಯ ಸ್ಕೂಟರನ್ನು ಬಿಚ್ಚಿ ಜೋಡಿಸುವುದು ನನಗೆ ಕಷ್ಟವಾಗಲಾರದು ಎಂದುಕೊಂಡೆ. ಈ ವಾಕ್ಯದಲ್ಲಿ ‘ಆದ್ದರಿಂದ’ ಎಂಬುದು ಎಲ್ಲಿಂದ ಬಂತು ಎಂದು ಕೇಳಿದರೆ ಇವತ್ತಿಗೂ ಸಾಧಿಸಿ ತೋರಿಸಲಾರೆ.

ಸ್ಕೂಟರ್ ನನ್ನದಲ್ಲ, ನನ್ನ ಹೆಂಡತಿ ವನಮಾಲಾಳದು. ಸವಣೂರಿನಲ್ಲಿ ಆಕೆಯ ತಂದೆ ಹಿಂದಿನ ಸೀಟಿನಲ್ಲಿ ಕುಳಿತು, “ಹೆದರಬ್ಯಾಡ, ನಾ ಇದ್ದೇನಿ” ಎನ್ನುತ್ತ ಆಕೆಗೆ ಓಡಿಸಲು ಕಲಿಸಿದ ಗಾಡಿ. ಮದುವೆಯಾದ ಮೇಲೆ ಆಕೆಯ ಹಿಂದೆಯೇ ಹಾನಗಲ್ಲಿಗೆ ಬಂತು. ಮಾವನವರಿಗೆ ಈಗ ಎಂಬತ್ತೆರಡು. ಜೀವನವಿಡೀ ಹಳಗನ್ನಡ ಪಾಠ ಮಾಡಿದವರು. ನಮ್ಮೂರ ಹತ್ತಿರದ ಆಡೂರಿನ ಹಳಗನ್ನಡ ಶಾಸನವನ್ನು ಮತ್ತೊಮ್ಮೆ ಕಣ್ಣಾರೆ ನೋಡಬೇಕು, ಅದೂ ಮಗಳ ಹಿಂದೆ ಅದೇ ಸ್ಕೂಟರಿನ ಮೇಲೆ ಕುಳಿತು ಹೋಗಬೇಕು ಎಂಬುದು ಅವರ ಆಸೆ. “ಕಾರು ಗೀರು ತರಬ್ಯಾಡ್ರಿ” ಎಂದು ಫೋನಿನಲ್ಲೇ ತಾಕೀತು ಮಾಡಿದ್ದರು. ಭಾನುವಾರ ನಿಶ್ಚಯವಾಯಿತು.

ಗುರುವಾರ ಸ್ಕೂಟರ್ ಗಿಯರ್ ಬದಲಿಸುವಾಗ ಗರ್ ಎಂದಿತು.

ನಾನು ಹುಟ್ಟಾ ಚಿಂತೆಗಾರ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ನೋಡಲು ಬಸ್ ನಿಲ್ದಾಣದಿಂದ ಮರಳಿ ಬಂದವನು. ಎಂಬತ್ತೆರಡು ವರ್ಷದ ಮಾವ, ಗರ್ ಎನ್ನುವ ಗಾಡಿ! ಸುಮ್ಮನಿರಲು ಸಾಧ್ಯವೇ?

“ಮಾಬೂಸಾಬಗ ತೋರಸ್ರಿ” ಎಂದಳು ವನಮಾಲಾ. ಮಾಬೂಸಾಬ ನಮ್ಮ ಓಣಿಯ ತುದಿಯ ಮೆಕ್ಯಾನಿಕ್.

“ಸಣ್ಣ ಕೆಲಸ. ಮೊಬೈಲಿನ್ಯಾಗ ಪೂರಾ ನೋಡೇನಿ.”

“ಹೋದ ವರ್ಷ ಮಿಕ್ಸರೂ ಪೂರಾ ನೋಡೇ ಬಿಚ್ಚಿದ್ರಿ. ಇನ್ನೂ ಅದು ಚೀಲದಾಗ ಅದ.”

ಹಳೆಯ ಪ್ರಕರಣಗಳನ್ನು ಎತ್ತುವುದು ಆಕೆಯ ಸ್ವಭಾವ.

ಶುಕ್ರವಾರ ಸಂಜೆ ಅಂಗಳದಲ್ಲಿ ಹಳೆಯ ಪಂಚೆ ಹಾಸಿ ಕಾರ್ಯಾರಂಭ ಮಾಡಿದೆ. ಗಿಯರಿನ ನಡುವಿನ ದಂಡವನ್ನು ಎಳೆದದ್ದೇ ತಡ, ಒಳಗಿನಿಂದ ಸಣ್ಣ ಉಕ್ಕಿನ ಕಡ್ಡಿಗಳು ಬಳಬಳನೆ ಉದುರಿದವು. ಬೆಂಕಿಕಡ್ಡಿಯ ಕಾಲುಭಾಗದಷ್ಟು ಉದ್ದ, ಸೂಜಿಯಂಥ ಮೈ. ಇವೇ ನೀಡಲ್ ಬೇರಿಂಗಿನ ರೋಲರುಗಳು. ಒಂದಕ್ಕೊಂದು ಮಗ್ಗಲು ತಾಗಿಸಿಕೊಂಡು ದಂಡದ ಸುತ್ತ ಕೂರುತ್ತವಂತೆ. ಮೊಬೈಲಿನವನು ಇದನ್ನು ಹೇಳಿದ್ದ, ಆದರೆ ಉದುರಿದ ಮೇಲೆ! ಎಣಿಸಿದೆ. ಇಪ್ಪತ್ತೊಂದು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ಕೆಳಗೊಂದು ಗೆರೆ ಎಳೆದೆ.

ಅಷ್ಟರಲ್ಲಿ ಪಕ್ಕದ ಮನೆಯ ಚನ್ನಬಸಪ್ಪನವರು ಬಂದರು. ಗೋವಿನಜೋಳದ ವ್ಯಾಪಾರಿ. ಜಿಡ್ಡು ಮೆತ್ತಿದ ನನ್ನ ಕೈ ನೋಡಿದರು.

“ಮಾಸ್ತರ, ನೀವು ಕೈ ತೊಕ್ಕೊಂಡು ಬರ್ರಿ. ಇವನ್ನ ಸೀಮಿ ಎಣ್ಣ್ಯಾಗ ತೊಳದು ನಾ ಕಟ್ಟಿಡತೇನಿ.”

ನಾನು ಒಳಗೆ ಹೋಗಿ ಸೋಪು ಹಚ್ಚಿ, ಹುಣಸೆಹಣ್ಣು ಹಚ್ಚಿ, ಕೈ ತೊಳೆದು ಬರುವಷ್ಟರಲ್ಲಿ ಅವರು ಕಾಳು ಅಳೆಯುವ ರಾಗದಲ್ಲೇ “ಹದಿನೆಂಟೂ... ಹತ್ತೊಂಬತ್ತೂ... ಇಪ್ಪತ್ತೂ” ಎಂದು ಮುಗಿಸಿ, ಎಲ್ಲವನ್ನೂ ಕಾಗದದಲ್ಲಿ ಕಟ್ಟಿ, ದಾರ ಸುತ್ತಿ, ಪೊಟ್ಟಣದ ಮೇಲೆ ‘೨೦’ ಎಂದು ಬರೆದು ನನ್ನ ಕೈಗಿತ್ತರು.

ಗೋಡೆ ನೋಡಿದೆ. ಇಪ್ಪತ್ತೊಂದು. ಪೊಟ್ಟಣ ನೋಡಿದೆ. ಇಪ್ಪತ್ತು. ಎದೆ ಗರ್ ಎಂದಿತು!

ಆಮೇಲಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಂಗಳವನ್ನು ಮೂರು ಸಲ ಗುಡಿಸಿದೆ. ಶಾಲೆಯ ಪ್ರಯೋಗಾಲಯದಿಂದ ಆಯಸ್ಕಾಂತ ತಂದು ದಾರಕ್ಕೆ ಕಟ್ಟಿ, ಮಣ್ಣಿನ ಮೇಲೆ ಎಳೆಯುತ್ತ ತಿರುಗಾಡಿದೆ. ಹದಿಮೂರು ಹೇರ್‌ಪಿನ್ನು, ಒಂದು ಕೊಡೆಯ ಕಡ್ಡಿ, ಕಳೆದ ದಸರೆಯಿಂದ ಹುಡುಕುತ್ತಿದ್ದ ಕಪಾಟಿನ ಕೀಲಿಕೈ ಸಿಕ್ಕವು. ರೋಲರ್ ಸಿಗಲಿಲ್ಲ.

“ನಾಯಿ ಅಡ್ಯಾಡಸಲಿಕ್ಕೆ ಹೊಂಟೀರೇನ್ರಿ ಮಾಸ್ತರ?” ಎಂದು ಹಾದಿಯಲ್ಲಿ ಹೋಗುವವರು ಕೇಳಿದರು.

“ಪೊಟ್ಟಣ ಬಿಚ್ಚಿ ಇನ್ನೊಮ್ಮೆ ಎಣಸ್ರಿ” ಎಂದಳು ವನಮಾಲಾ.

“ಬಿಚ್ಚಿದಾಗ ಇನ್ನೊಂದು ಹೋದರ?”

ನಾನು ಪೊಟ್ಟಣವನ್ನು ಆಕೆಯ ಬಂಗಾರದ ಡಬ್ಬಿಯೊಳಗಿಟ್ಟು ಬೀಗ ಹಾಕಿದೆ.

ಶನಿವಾರ ಚನ್ನಬಸಪ್ಪನವರು ವ್ಯಾಪಾರಕ್ಕೆಂದು ಹಿರೇಕೆರೂರಿಗೆ ಹೋಗಿದ್ದರು. ನಾನು ಮಾನ ಬಿಟ್ಟು ಮಾಬೂಸಾಬನ ಬಳಿಗೆ ಹೋದೆ.

“ಪೂರಾ ಸೆಟ್ ಹುಬ್ಬಳ್ಳಿಯಿಂದ ಮಂಗಳವಾರ ಬರ್ತೈತ್ರಿ ಸರ.”

“ಮಾವನವರು ನಾಳೆ ಬರ್ತಾರ! ಒಂದ ಒಂದು ಸಿಕ್ಕರ ಸಾಕು.”

“ಒಂದ ಅಂದ್ರ ಹ್ಯಾಂಗ್ರಿ? ಕೆಲವಕ್ಕ ತುದಿ ಸಪಾಟ ಇರ್ತೈತಿ, ಕೆಲವಕ್ಕ ಗುಂಡಗ, ಕೆಲವಕ್ಕ ಚೂಪ. ಬ್ಯಾರೆ ಬ್ಯಾರೆ ಗೂಡಿನ್ಯಾಗ ಕುಂದ್ರೂ ರೋಲರಿಗೆ ಸಪಾಟ ತುದಿ ನಡಿತೈತಿ. ಗೂಡಿಲ್ದ ಮಗ್ಗಲಿಗೆ ಮಗ್ಗಲ ಹಚ್ಚಿ ಕುಂದ್ರೂವಕ್ಕ ಗುಂಡಂದ ಚಲೋ. ದಪ್ಪನೂ ಹೊಂದಬೇಕ್ರಿ. ಕೂದಲೆಳಿಯಷ್ಟು ದಪ್ಪಂದು ಒಂದು ಸೇರಿದ್ರ ಭಾರ ಎಲ್ಲಾ ಅದರ ಮ್ಯಾಲ ಬೀಳ್ತೈತಿ. ಹಳೇದೊಂದು ತಂದೀರೇನು?”

ತಂದಿರಲಿಲ್ಲ. ಬೀಗದೊಳಗಿತ್ತು. ಆದರೆ ಆ ಕೂದಲೆಳೆಯಷ್ಟು ದಪ್ಪನೆಯ ರೋಲರಿನ ಬಗ್ಗೆ ನನಗೆ ಕನಿಕರವಾಯಿತು. ನಮ್ಮ ಶಾಲೆಯಲ್ಲಿ ಅದು ನಾನೇ!

ಶಾಲೆ ಮುಗಿಸಿ ಬಸ್ಸು ಹಿಡಿದು ಶಿಗ್ಗಾಂವಿಗೆ ಹೋಗಿ ಬಿಡಿಭಾಗದ ಅಂಗಡಿ ಹುಡುಕುವಷ್ಟರಲ್ಲಿ ಸಂಜೆಯಾಗಿತ್ತು. ಅಂಗಡಿಯ ಹಿರಿಯರು ಆಗಷ್ಟೇ ದೇವರ ಫೋಟೋಗೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದರು. ಮಾಸ್ತರನಲ್ಲವೇ, ಶುದ್ಧ ಕನ್ನಡದಲ್ಲಿ ಕೇಳಿದೆ.

“ಒಂದು ಸೂಜಿ ರೋಲರ್ ಕೊಡ್ರಿ.”

ಅವರು ಬೆಚ್ಚಿಬಿದ್ದರು. “ದೀಪಾ ಹಚ್ಚಿದ ಮ್ಯಾಲೆ ಸೂಜಿ ಕೇಳತೀರಲ್ರೀ! ಕೊಡೂದಿಲ್ಲ. ನಾಳೆ ಬರ್ರಿ.”

“ಇದು ಹೊಲಿಯೂ ಸೂಜಿ ಅಲ್ರಿ ಯಜಮಾನ್ರ, ಬೇರಿಂಗಿಂದು!”

“ಯಾವ ಸೂಜಿ ಆದ್ರೂ ಸೂಜೀನ.”

ಬಾಗಿಲ ಬಳಿ ನಿಂತು ಹತ್ತು ನಿಮಿಷ ಬೆವರಿದೆ. ಕೊನೆಗೆ ಬುದ್ಧಿ ಹೊಳೆಯಿತು. ಮತ್ತೆ ಒಳಗೆ ಹೋದೆ.

“ನೀಡಲ್ ರೋಲರ್ ಅದಾವೇನ್ರಿ?”

“ಹಾಂ, ನೀಡಲ್ ಬೇಕಾದಷ್ಟ ಅದಾವು! ಯಾವ ತುದೀದು?”

ವನಮಾಲಾಳಿಗೆ ಫೋನು ಹಚ್ಚಿದೆ. “ಡಬ್ಬಿ ತಗೀ. ಪೊಟ್ಟಣ ಬಿಚ್ಚಬ್ಯಾಡ! ಕಾಗದದ ಮ್ಯಾಲಿಂದ ಒತ್ತಿ ನೋಡು. ತುದಿ ಹ್ಯಾಂಗ ಅನಸ್ತದ?”

ಡಬ್ಬಿಯ ಬೀಗ ತೆಗೆಯುವ ಸದ್ದು ಕೇಳಿಸಿತು.

“ರೀ, ನಾ ಅವಲಕ್ಕಿ ಒಗ್ಗರಣಿ ಬಿಟ್ಟು ಇಲ್ಲಿ ಪೊಟ್ಟಣದ ನಾಡಿ ನೋಡ್ಲಿಕತ್ತೇನಿ. ಜೀರಗಿ ಇದ್ದಂಗ ಅದ.”

“ಜೀರಗಿ ಅಂತ್ರಿ” ಎಂದೆ ಅಂಗಡಿಯವರಿಗೆ.

“ಹಂಗಾರ ಕಿರಾಣಿ ಅಂಗಡಿ ಆ ಕಡೆ ಐತ್ರಿ.”

ಕೊನೆಗೆ ಸಪಾಟಿನದೊಂದು, ಗುಂಡನೆಯದೊಂದು, ಚೂಪಿನದೊಂದು, ಹೀಗೆ ಮೂರು ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡೆ. ಪಕ್ಕದವರು ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಭಾನುವಾರ ಬೆಳಿಗ್ಗೆ ಮಾವನವರು ಇಸ್ತ್ರಿಯ ಧೋತರ ಉಟ್ಟು, ಕೈಯಲ್ಲಿ ಭೂತಗನ್ನಡಿ ಹಿಡಿದು, ಸವಣೂರಿನಿಂದ ಬಂದಿಳಿದರು. ಅಂಗಳದಲ್ಲಿ ಸ್ಕೂಟರ್ ಕರುಳು ಬಿಚ್ಚಿಕೊಂಡು ಮಲಗಿತ್ತು. ಅವರು ಭೂತಗನ್ನಡಿಯನ್ನು ಮೆಲ್ಲಗೆ ಜೇಬಿಗಿಳಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ವನಮಾಲಾ ಅಷ್ಟು ಹೊತ್ತಿಗೆ ಮಾಬೂಸಾಬನನ್ನು ಕರೆಸಿಬಿಟ್ಟಿದ್ದಳು. ಆತ ಪೊಟ್ಟಣದ ದಾರ ಕಿತ್ತು, ಬೆರಳಿಗೆ ಗ್ರೀಸು ಹಚ್ಚಿ, ಒಂದೊಂದೇ ರೋಲರನ್ನು ಒಳಗೆ ಅಂಟಿಸತೊಡಗಿದ. ತುದಿ ಗುಂಡನೆಯವು. ನಾನು ಗುಂಡನೆಯ ಹೊಸ ರೋಲರನ್ನು ಅಂಗೈಯಲ್ಲಿ ಹಿಡಿದು, ಶಸ್ತ್ರಚಿಕಿತ್ಸೆಯ ನರ್ಸಿನಂತೆ ಕಾದು ನಿಂತೆ.

“ಮುಗೀತ್ರಿ” ಎಂದ.

“ಇದು?”

“ಅದನ್ನ ಎಲ್ಲಿ ಹಾಕ್ಲಿ ಸರ? ಜಾಗಾನ ಇಲ್ಲ.”

“ಇಪ್ಪತ್ತ ಅದಾವ! ಇನ್ನೊಂದು ಹಾಕಬೇಕು!”

ಮಾವನವರ ಭೂತಗನ್ನಡಿ ಮತ್ತೆ ಹೊರಬಂತು. ಬಾಗಿ, ಶಾಸನ ಓದುವ ಶ್ರದ್ಧೆಯಿಂದ, ಒಂದೊಂದಾಗಿ ಎಣಿಸಿದರು.

“ಇಪ್ಪತ್ತೊಂದು ಅದಾವಲ್ಲೋ ಮಾರಾಯಾ.”

ಹಿಂದಿನ ರಾತ್ರಿಯೇ ಊರಿಗೆ ಮರಳಿದ್ದ ಚನ್ನಬಸಪ್ಪನವರನ್ನು ಗೋಡೆಯಾಚೆಯಿಂದ ಕೂಗಿದೆ. “ಮೊನ್ನೆ ಹ್ಯಾಂಗ ಎಣಿಸಿದ್ರಿ ಚನ್ನಬಸಪ್ಪನವರ?”

“ಹ್ಯಾಂಗ ಅಂದ್ರ? ನಮ್ಮಪ್ಪ ಕಾಳು ಅಳಿಯೂವಾಗ ಎಣಸ್ತಿದ್ದಂಗ. ಲಾಭ... ಒಂದೂ... ಎರಡೂ...”

“ಲಾಭಾನೂ ಎಣಿಸಬೇಕಲ್ರೀ!”

“ಮದಲಿಂದು ದೇವರದು. ಲಾಭ ಅಂದು ಬಾಜೂಕ ಇಡತೇವಿ, ಆಮ್ಯಾಲೆ ಒಂದು. ಲಾಭಾನ ಯಾರರ ಲೆಕ್ಕಕ್ಕ ಹಿಡಿತಾರೇನ್ರಿ? ಪೊಟ್ಟಣದಾಗ ಮಾತ್ರ ಹಾಕೇನಿ. ಮೋಸ ಮಾಡೂ ಪೈಕಿ ಅಲ್ರಿ ನಾವು!”

ಮಾವನವರು ನಗತೊಡಗಿದರು. ಮಾಬೂಸಾಬ ಸ್ಪ್ಯಾನರ್ ಕೆಳಗಿಟ್ಟು ನಕ್ಕ. ವನಮಾಲಾ ಗೋಡೆಯ ಮೇಲಿನ ನನ್ನ ಇಪ್ಪತ್ತೊಂದನ್ನೂ ಅದರ ಕೆಳಗಿನ ಗೆರೆಯನ್ನೂ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು.

ಗರ್ ಎನ್ನುವ ಸದ್ದು? ಅದು ನಂಬರ್ ಪ್ಲೇಟಿನದು. ಮಾಬೂಸಾಬ ಒಂದು ಸ್ಕ್ರೂ ತಿರುವಿದ, ನಿಂತಿತು.

ಹತ್ತು ಗಂಟೆಗೆ ಸ್ಕೂಟರ್ ಚಾಲೂ ಆಯಿತು. ವನಮಾಲಾ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಮಾವನವರು ಹಿಂದೆ ಕುಳಿತು, ಮಗಳ ಹೆಗಲ ಮೇಲೆ ಕೈಯಿಟ್ಟು, “ಹೆದರಬ್ಯಾಡ, ನಾ ಇದ್ದೇನಿ” ಎಂದರು. ಆಕೆ ಹಿಂತಿರುಗಿ ನೋಡಲಿಲ್ಲ, ಆದರೆ ಕಣ್ಣು ಒರೆಸಿಕೊಂಡದ್ದು ಕನ್ನಡಿಯಲ್ಲಿ ಕಂಡಿತು.

ನಾನೂ ಹೊಸ ಅಂಗಿ ಹಾಕಿಕೊಂಡು ಸಿದ್ಧನಾಗಿದ್ದೆ. “ಮತ್ತ ನಾನು?”

“ಗಾಡಿಗೆ ಇಬ್ಬರ ರೀ” ಎಂದು ಆಕೆ ಗಿಯರ್ ಹಾಕಿದಳು. “ನೀವು ಲಾಭ. ಬಸ್ಸಿಗೆ ಬರ್ರಿ!”